ಸರ್ಪಸುತ್ತಿನ ಮೈಗೆ ಬೀಗರ ಅಪ್ಪುಗೆ

ಹೋದ ವರ್ಷ ವೈಶಾಖದ ಒಂದು ಗುರುವಾರ, ಬೆಳಗಿನ ಒಂಬತ್ತು ದಾಟಿತ್ತು, ಹತ್ತು ಇನ್ನೂ ಆಗಿರಲಿಲ್ಲ. ನಾನು ಹಿರೇಕೆರೂರಿನ ಒಂದು ಕಲ್ಯಾಣ ಮಂಟಪದ ಮುಂಬಾಗಿಲಲ್ಲಿ ನಿಂತಿದ್ದೆ. ಹೊಸ್ತಿಲಿನ ಹೊರಗೆ, ಬಲಗಡೆಯ ಕಂಬಕ್ಕೆ ಬಲ ಭುಜ ಆನಿಸಿಕೊಂಡು. ನನ್ನ ಎಡಗಡೆಗೆ ಯಾರೂ ತಾಗದಂತೆ ಹೆಂಡತಿ ಗಿರಿಜಾ ಅಡ್ಡ ನಿಂತಿದ್ದಳು. ಹಿಂದೆ, ಎರಡು ಹೆಜ್ಜೆ ದೂರದಲ್ಲಿ, ಅಂದಿನ ಮದುಮಗಳು ನನ್ನ ಮಗಳು ರೇಖಾ. ಎದುರಿಗೆ ಮಂಟಪದ ಒಳಗಿನಿಂದ ಎರಡೂ ತೋಳು ಅಗಲಿಸಿಕೊಂಡು ನನ್ನ ಕಡೆಗೆ ಬರುತ್ತಿದ್ದವರು ಮಾಸೂರಿನ ಬಸವಣ್ಣೆಪ್ಪನವರು, ಅಂದರೆ ನನ್ನ ಅಳಿಯನ ತಂದೆ, ನನ್ನ ಬೀಗರು. ನಾನು ಅಷ್ಟು ಹೆದರಿ ಹಿಂದೆಂದೂ ಎಲ್ಲಿಯೂ ನಿಂತಿರಲಿಲ್ಲ. ಯಾಕೆ ಹೆದರಿದ್ದೆ ಎಂಬುದನ್ನು ತಿಳಿಸಲು ಆ ವರ್ಷದ ಸಂಕ್ರಾಂತಿಗೆ ಹೋಗಬೇಕು.

ನಾನು ಸವಣೂರಿನಲ್ಲಿ ಅಂಗಿ, ಪ್ಯಾಂಟು ಹೊಲಿಯುವ ಟೇಲರ್. ಊರವರು ಮಾಸ್ತರ ಎನ್ನುತ್ತಾರೆ. ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಮಷಿನ್ ತುಳಿಯುತ್ತಾ ಕುಳಿತಿದ್ದಾಗ ಎಡ ಬೆನ್ನಿನಲ್ಲಿ ಉರಿ ಶುರುವಾಯಿತು. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಯಾರೋ ಬೆನ್ನಿಗೆ ತಾಗಿಸದೆ, ಆದರೆ ತೀರಾ ಹತ್ತಿರ ತಂದು ಹಿಡಿದಂತಿತ್ತು. ಮರುದಿನ ಗಿರಿಜಾ ಬನಿಯನ್ ಎತ್ತಿ ನೋಡಿದಾಗ ಬೆನ್ನುಮೂಳೆಯಿಂದ ಹೊರಟು, ಬಗಲಿನ ಕೆಳಗೆ ಹಾದು, ಎದೆಯ ನಡುವಿನ ತನಕ ಕೆಂಪು ಗುಳ್ಳೆಗಳ ಒಂದು ಪಟ್ಟಿ ಎದ್ದಿತ್ತು.

"ಸರ್ಪಸುತ್ತು," ಎಂದಳು ಆಕೆ. ಹೇಳುವಾಗ ದನಿ ಇಳಿಸಿದ್ದಳು.

ಸುದ್ದಿ ತಿಳಿದ ನನ್ನ ಅಕ್ಕ ಶಿಗ್ಗಾಂವಿಯಿಂದ ಅಂದೇ ಬಂದಳು. ಕೆಮ್ಮಣ್ಣು ಕಲಸಿ ಗುಳ್ಳೆಗಳ ಮೇಲೆ ಹಚ್ಚಿದಳು. "ಸರ್ಪದ ತಲಿ, ಬಾಲ ಕೂಡಬಾರದಪಾ. ಕೂಡಿದ್ರ ಕಷ್ಟ," ಎಂದಳು. ಅದನ್ನು ಕೇಳಿದ ಮೇಲೆ ನಾನು ಬೆಳಗಾದರೆ ಅಳತೆಯ ಟೇಪು ಹಿಡಿದು ಕನ್ನಡಿಯ ಮುಂದೆ ನಿಲ್ಲತೊಡಗಿದೆ. ಪಟ್ಟಿ ಬಲಕ್ಕೆ ಎಷ್ಟು ಸರಿದಿದೆ ಎಂದು ಅಳೆಯುವುದು ನನ್ನ ಕೆಲಸವಾಯಿತು. ಗಿರಿಜಾಗೆ ಅಂಥ ಹೆದರಿಕೆಯಲ್ಲೂ ನಗು ಬಂತು. "ನಿಮಗ ನೀವ ಕುಪ್ಪಸಾ ಹೊಲ್ಕೋಳಾಕತ್ತೀರೇನು?" ಎಂದು ಕೇಳಿ, ಟೇಪು ಕಸಿದುಕೊಂಡು ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರಮ್ಮ ಗುಳ್ಳೆ ನೋಡಿದರು, ಕೆಮ್ಮಣ್ಣು ನೋಡಿದರು, ಬೈಯಲಿಲ್ಲ. "ಸಣ್ಣವರಿದ್ದಾಗ ಮೈಮ್ಯಾಲೆ ಅಮ್ಮ ಆಗಿತ್ತೇನ್ರಿ?" ಎಂದು ಕೇಳಿದರು. ಆಗಿತ್ತು ಎಂದೆ. ಟೇಪಿನ ಸಂಗತಿಯನ್ನು ಗಿರಿಜಾ ಹೇಳಿಬಿಟ್ಟಳು. "ಅದರ ಬೀಜ ಒಂದು ನರದಾಗ ಇಷ್ಟು ವರ್ಷ ಮಲಗಿತ್ತು, ಈಗ ಎದ್ದೈತಿ. ಆ ನರ ಮೈಯ ಅರ್ಧಕ್ಕ ಬಂದು ನಿಲ್ತೈತಿ. ತಲಿ, ಬಾಲ ಕೂಡೂದಿಲ್ಲ, ಅಳತಿ ಮಾಡೂದು ಬಿಡ್ರಿ," ಎಂದರು. ಗುಳಿಗೆ ಬರೆದುಕೊಟ್ಟರು. ಗುಳ್ಳೆ ಒಣಗುವ ತನಕ ಬಸುರಿಯರಿಂದ, ಹಸುಗೂಸುಗಳಿಂದ ದೂರ ಇರಬೇಕು ಎಂದರು. ಕೊನೆಗೆ ಗಿರಿಜಾ ಕಡೆಗೆ ತಿರುಗಿ, "ಹುಣ್ಣು ಲಗೂನ ಮಾಯ್ತಾವ. ನರದ ಉರಿ ಮಾತ್ರ ತಡ ಮಾಡತೈತಿ. ಅವಸರ ಮಾಡಬ್ಯಾಡ್ರಿ," ಎಂದರು.

ಅವರು ಹೇಳಿದಂತೆಯೇ ಆಯಿತು. ಶಿವರಾತ್ರಿಯ ಹೊತ್ತಿಗೆ ಗುಳ್ಳೆ ಒಣಗಿ, ಹಕ್ಕಳೆ ಬಿದ್ದು, ಬರೀ ಕಂದು ಕಲೆ ಉಳಿದವು. ನೋಡಿದವರು "ವಾಸಿ ಆತಲ್ಲ" ಎನ್ನುತ್ತಿದ್ದರು. ಆದರೆ ಉರಿ ಇತ್ತು. ಅದು ಎಂಥ ಉರಿ ಎಂದರೆ, ಅಂಗಿ ತಾಗಿದರೆ ಬರುವುದು. ಫ್ಯಾನಿನ ಗಾಳಿ ತಾಗಿದರೆ ಬರುವುದು. ಕತ್ತರಿಸಿದ ದಾರದ ಎಳೆ ಹಾರಿ ಬಂದು ಮೈಮೇಲೆ ಕುಳಿತರೂ ಬೆಂಕಿಯ ಕಡ್ಡಿ ಗೀರಿದಂತಾಗುವುದು. ನೊಣ ಕುಳಿತಾಗ ನಾನು ಮಷಿನ್ ಬಿಟ್ಟು ಎದ್ದು ನಿಂತಿದ್ದೇನೆ.

ಹೀಗಾಗಿ ಊರಿಗೆಲ್ಲ ಅಂಗಿ ಹೊಲಿಯುವ ನಾನು ಬರಿ ಮೈಯಲ್ಲಿ, ಬಲ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಅಂಗಡಿಯಲ್ಲಿ ಕೂರಬೇಕಾಯಿತು. ಬಂದ ಗಿರಾಕಿಗಳು ಸುಮ್ಮನಿರುತ್ತಾರೆಯೇ. "ಮಾಸ್ತರ, ಎಲ್ಲಾರ ಅರಬಿ ಹೊಲದ್ರಿ, ನಿಮಗ ಅರಬಿ ಉಳೀಲಿಲ್ಲೇನ್ರಿ?" ಎಂದು ಒಬ್ಬ. "ಬ್ಯಾಸಗಿ ಇನ್ನ ಮುಂದೈತ್ರಿ, ಈಗ ತಗದ್ರ ಆಮ್ಯಾಲೆ ಏನ್ ತಗೀತೀರಿ?" ಎಂದು ಇನ್ನೊಬ್ಬ. ನಾನೂ ಅವರ ಜೊತೆ ನಗುತ್ತಿದ್ದೆ. ನಕ್ಕರೆ ಪಕ್ಕೆ ಅಲ್ಲಾಡಿ ಉರಿಯುತ್ತಿತ್ತು, ಅದಕ್ಕೆ ಮೆಲ್ಲಗೆ ನಗುತ್ತಿದ್ದೆ.

ಹಳೆಯ ಮಲ್‌ಮಲ್ ಧೋತರ ಹರಿದು ನನಗಾಗಿ ಒಂದು ಅಂಗಿ ಹೊಲಿದುಕೊಂಡೆ. ಎಡ ಪಕ್ಕೆಗೆ ಹೊಲಿಗೆಯೇ ಇಲ್ಲ, ಎರಡು ಮೈ ಹಿಡಿಯುವಷ್ಟು ಸಡಿಲ. ಅದನ್ನೂ ಮೈ ತಾಳಲಿಲ್ಲ. ಇನ್ನೂ ತೆಳ್ಳಗಿನ ಬಟ್ಟೆಯಲ್ಲಿ ಇನ್ನೂ ಸಡಿಲವಾಗಿ ಇನ್ನೊಂದು ಹೊಲಿದೆ. ಅದು ಮೊದಲಿನದಕ್ಕಿಂತ ಹೆಚ್ಚು ಉರಿಸಿತು. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಒಂದೇ ಗಿರಾಕಿಗೆ ಎರಡು ಸಲ ಅಂಗಿ ಕೆಟ್ಟದ್ದು ಅದೇ ಮೊದಲು.

ಇದೆಲ್ಲ ಸಹಿಸಬಹುದಿತ್ತು. ಆದರೆ ವೈಶಾಖದಲ್ಲಿ ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆಯ ಮದುವೆಯಲ್ಲಿ ಹೆಣ್ಣಿನವರು ಬಂದಿಳಿದ ಕೂಡಲೇ ಬಾಗಿಲಲ್ಲಿ ಬೀಗರ ಭೆಟ್ಟಿ ಆಗಬೇಕು. ಗಂಡಿನ ತಂದೆ, ಹೆಣ್ಣಿನ ತಂದೆ ಎಲ್ಲರೆದುರು ಮಾಲೆ ಹಾಕಿಕೊಂಡು ಎದೆಗೆ ಎದೆ ಕೊಟ್ಟು ಅಪ್ಪಿಕೊಳ್ಳಬೇಕು. ಗಟ್ಟಿಮುಟ್ಟಾದ ಬೀಗರಾದರೆ ಎದುರಿನವರನ್ನು ನೆಲದಿಂದ ಎತ್ತಿಯೇ ಬಿಡುತ್ತಾರೆ, ಜನ ಸಿಳ್ಳೆ ಹೊಡೆಯುತ್ತಾರೆ. ಬಸವಣ್ಣೆಪ್ಪನವರು ಆರಡಿಯ ಆಳು. ಮದಗದ ಕೆರೆಯ ನೀರಿನ ಕೆಳಗೆ ಭತ್ತದ ಗದ್ದೆ, ಇವತ್ತಿಗೂ ಚೀಲ ತಾವೇ ಹೊರುತ್ತಾರೆ. ನಿಶ್ಚಯದ ದಿನ ನನ್ನ ಕೈ ಹಿಡಿದು, "ಭೆಟ್ಟಿ ಮದುವಿಗೆ ಇಟಗೊಂಡೇನ್ರಿ ಬೀಗರ. ಗಟ್ಟಿಯಾಗಿ ಬರ್ರಿ," ಎಂದು ನಕ್ಕಿದ್ದರು. ಆಗ ನನ್ನ ಮೈಯಲ್ಲಿ ಏನೂ ಇರಲಿಲ್ಲ, ನಾನೂ ನಕ್ಕಿದ್ದೆ.

ನನ್ನ ಪಕ್ಕದ ಅಂಗಡಿ ಖಾದರಸಾಬರದು. ಕುರುಕಲು ಖಾರಾ ಮಾಡಿ ಮಾರುತ್ತಾರೆ, ನನ್ನ ಓರಗೆಯವರು, ಶಾಲೆಯಿಂದಲೂ ಸ್ನೇಹಿತರು. ಅವರು ಒಂದು ದಿನ ಹಿರೇಕೆರೂರಿನ ಸಂತೆಯಿಂದ ಬಂದು ಹೇಳಿದರು: "ನಿಮ್ಮ ಬೀಗರ ಸುದ್ದಿ ಕೇಳ್ಕೊಂಡ್ ಬಂದೇನ್ರಿ ಮಾಸ್ತರ. ಹಿರೀ ಮಗನ ಮದುವ್ಯಾಗ ಹಾನಗಲ್ಲ ಬೀಗರನ್ನ ಎತ್ತಿ ಒಂದು ಸುತ್ತು ತಿರುಗಿಸಿದ್ರಂತ. ಅವರ ಚಸ್ಮಾ ಎಲ್ಲಿ ಹೋತೋ ಇನ್ನೂ ಸಿಕ್ಕಿಲ್ಲಂತ."

ಅಂದು ನನಗೆ ಊಟ ಸೇರಲಿಲ್ಲ.

"ಅವರಿಗೆ ಹೇಳಿಬಿಡೂಣು," ಎಂದಳು ಗಿರಿಜಾ. ಅದಕ್ಕೆ ಅಕ್ಕ ಒಪ್ಪಲಿಲ್ಲ. "ಸರ್ಪಸುತ್ತು ಅಂದ್ರ ಸರ್ಪದ ದೋಷ ಅಂತಾರವ್ವಾ. ಅವರ ಮನ್ಯಾಗ ನೀಲವ್ವ ಅಂತ ಹಿರೇ ಮುದುಕಿ ಅದಾಳ, ಬೀಗರ ಸೋದರತ್ತಿ. ಆಕಿ ಹ್ಞೂಂ ಅಂದ್ರನ ಒಲಿ ಹತ್ತತೈತಿ. ಮೊದಲ ಶಾಂತಿ ಮಾಡಸ್ರಿ, ಮದುವಿ ಮುಂದ ನೋಡೂಣು ಅಂದ್ರ?" ಎಂದಳು. ಅಕ್ಕನ ಮಾತು ನನ್ನೊಳಗೆ ಕುಳಿತುಬಿಟ್ಟಿತು. ಹೇಳಿದರೆ ಮದುವೆಗೆ ತಡೆ. ಹೇಳದೆ ಕೈಮುಗಿದು ಹಿಂದೆ ಸರಿದರೆ ಬೀಗರಿಗೆ ಅವಮಾನ. ಅಪ್ಪಿಕೊಂಡರೆ ನಾನು ಚೀರುವುದು ಖಂಡಿತ. ಬಾಗಿಲಲ್ಲೇ ಅಪ್ಪ ಚೀರಿದ ಎಂಬುದು ಮಗಳು ಆ ಮನೆಗೆ ತೆಗೆದುಕೊಂಡು ಹೋಗುವ ಮೊದಲ ಮಾತಾಗುತ್ತದೆ. ಯಾರಿಗಾದರೂ ಒಂದು ಜ್ವರ ಬಂದರೆ ಸಾಕು, ಆ ಮಾತು ಎದ್ದು ಕೂರುತ್ತದೆ.

ರೇಖಾ ಒಮ್ಮೆ ನೇರವಾಗಿ ಕೇಳಿದಳು. "ಅಪ್ಪಾ, ನಾನ ಅವರಿಗೆ ಫೋನ್ ಮಾಡಿ ಭೆಟ್ಟಿ ಬ್ಯಾಡ ಅಂತೇನಿ."

"ನೀ ಸುಮ್ನ ಇರು. ಅಪ್ಪಗ ಅಷ್ಟ ತಾಳಾಕ ಬರೂದಿಲ್ಲೇನು," ಎಂದೆ. ಬರುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಅದಕ್ಕೇ ಖಾದರಸಾಬರು ಒಂದು ಉಪಾಯ ಹೂಡಿದರು. "ರೂಢಿ ಮಾಡ್ಕೋರಿ. ನನ್ನನ್ನ ಬೀಗ ಅಂತ ತಿಳೀರಿ," ಎಂದು ಅಂಗಡಿಯ ಮುಂದೆ ತೋಳು ಚಾಚಿ ಬಂದರು. ನನಗೆ ನೋಯಬಾರದೆಂದು ಕೋಳಿಮರಿ ಮುಟ್ಟಿದಂತೆ ಬೆರಳ ತುದಿಯಲ್ಲಿ ನನ್ನ ಪಕ್ಕೆ ಮುಟ್ಟಿದರು. ನಾನು ಹಾರಿದ ರಭಸಕ್ಕೆ ಹಿಂದಿದ್ದ ಖಾರಾದ ತಾಟು ಬೋರಲಾಯಿತು. ಶೇಂಗಾ, ಕರಿಬೇವು ಸಮೇತ ಖಾರಾವೆಲ್ಲ ಬೀದಿಯಲ್ಲಿ. ಬಳಿಯುತ್ತಾ ಅವರು ಅಂದರು, "ಭೆಟ್ಟಿ ಮುಗೀತ್ರಿ ಬೀಗರ. ಈಗ ಊಟ ಹಾಕ್ರಿ."

ಹೀಗೆ ವೈಶಾಖ ಬಂತು. ಮದುವೆಗೆಂದು ಬಿಳಿ ಪಾಪ್ಲಿನ್ನಿನ ಅಂಗಿ ಹೊಲಿದುಕೊಂಡಿದ್ದೆ, ಒಳಗೆ ಆ ಮಲ್‌ಮಲ್. ನಸುಕಿನಲ್ಲಿ ಸವಣೂರು ಬಿಟ್ಟೆವು. ಗಾಡಿಯಲ್ಲಿ ಬಲಗಡೆ ಕಿಟಕಿಗೆ ಕುಳಿತು, ಅಂಗಿಯ ಎಡ ಮೈಯನ್ನು ಎರಡು ಬೆರಳಿನಲ್ಲಿ ಚಿವುಟಿ ಮೈಯಿಂದ ದೂರ ಹಿಡಿದುಕೊಂಡೇ ಬಂದೆ. ಬಂಕಾಪುರದ ಹತ್ತಿರ ನವಿಲೊಂದು ರಸ್ತೆ ದಾಟಿತು. ಹೆಂಗಸರು ಶುಭ ಎಂದರು. ನನಗೆ ನೆನಪಿರುವುದು ಡ್ರೈವರ್ ಹಾಕಿದ ಬ್ರೇಕು. ಹಾನಗಲ್ ದಾಟುವಾಗ ಆ ಚಸ್ಮಾದ ನೆನಪಾಯಿತು.

ಈಗ ಬಾಗಿಲಿಗೆ ಬರುತ್ತೇನೆ. ಕಾಲಿಗೆ ನೀರು ಕೊಟ್ಟರು, ಹಣೆಗೆ ಕುಂಕುಮ ಹಚ್ಚಿದರು. ಬ್ಯಾಂಡಿನವರು ಬಾರಿಸುತ್ತಿದ್ದರು. ಬಸವಣ್ಣೆಪ್ಪನವರು ಬಂದರು. ತಲೆಗೆ ಗುಲಾಬಿ ಬಣ್ಣದ ಪಟಗಾ ಸುತ್ತಿದ್ದರು. ಮೊದಲು ಮಾಲೆ ಹಾಕಿದರು. ಸುಗಂಧರಾಜದ ಉದ್ದನೆಯ ಮಾಲೆ, ಅದರ ಒಂದು ಎಳೆ ತೂಗಾಡಿ ಸರಿಯಾಗಿ ಎಡ ಪಕ್ಕೆಗೆ ತಾಗಿತು. ಕಣ್ಣಿಗೆ ಕತ್ತಲು ಬಂತು. ನಾನು ಹಲ್ಲು ಕಚ್ಚಿದೆ. ಹಿಂದೆ ಸರಿಯಲು ಬಲಗಾಲನ್ನು ಎತ್ತಿದ್ದೂ ನಿಜ. ಅಷ್ಟರಲ್ಲಿ ಅವರ ತೋಳು ನನ್ನ ಬೆನ್ನ ಹಿಂದೆ ಕೂಡಿಕೊಂಡವು. ನೆಲ ಬಿಟ್ಟು ಮೇಲಕ್ಕೆ ಹೋದೆ.

ಇದರ ಮುಂದಿನದನ್ನು ನಾನು ಜಾಗ್ರತೆಯಿಂದ ಹೇಳಬೇಕು, ಯಾಕೆಂದರೆ ಕೇಳಿದವರು ನಂಬುವುದಿಲ್ಲ. ನಾನು ಚೀರಲು ಬಾಯಿ ತೆರೆದಿದ್ದೆ. ಚೀರು ಬರಲಿಲ್ಲ. ಅವರು ಹಿಡಿದದ್ದು ಮೆತ್ತಗಿನ ಹಿಡಿತವಲ್ಲ. ಬಲಿತ ಎರಡು ತೋಳುಗಳ ನಡುವೆ ನನ್ನ ಪಕ್ಕೆಲುಬು ಒತ್ತಿ ಅಮುಕಿ ನಿಂತಿತ್ತು, ಉಸಿರು ಅರ್ಧವೇ ಬರುತ್ತಿತ್ತು. ಆದರೆ ಉರಿ ಇರಲಿಲ್ಲ. ಮುಂಜಾನೆಯಿಂದ ಓಡುತ್ತಿದ್ದ ಮಷಿನ್ ಒಮ್ಮೆಲೇ ನಿಂತಾಗ ಅದು ಅಷ್ಟು ಹೊತ್ತು ಎಷ್ಟು ಸದ್ದು ಮಾಡುತ್ತಿತ್ತೆಂದು ತಿಳಿಯುತ್ತದಲ್ಲ, ಹಾಗೆ. ಸಂಕ್ರಾಂತಿಯ ನಂತರ ಎಚ್ಚರವಿದ್ದಾಗ ನನ್ನ ಮೈ ಹಾಗೆ ಸುಮ್ಮನಾದದ್ದು ಅದೇ ಮೊದಲು.

ಅವರು ಒಂದು ಸುತ್ತು ತಿರುಗಿಸಿದರು. ಜನ ಸಿಳ್ಳೆ ಹಾಕಿದರು. ನನ್ನನ್ನು ಕೆಳಗಿಳಿಸಿ ತೋಳು ಸಡಿಲಿಸಿದರು. ಸಡಿಲಿಸಿದ ಕೂಡಲೇ ಉರಿ ಮರಳಿ ಬಂತು. ನಾನು ಯೋಚನೆ ಮಾಡಲಿಲ್ಲ. ಅವರನ್ನು ಎರಡೂ ಕೈಯಲ್ಲಿ ತಬ್ಬಿ ಎಡ ಪಕ್ಕೆಯನ್ನು ಅವರಿಗೆ ಒತ್ತಿ ಹಿಡಿದೆ.

"ಬೀಗರ, ಇಳಿಸೇನಲ್ರಿ," ಎಂದರು ಅವರು.

"ಇನ್ನೊಂಚೂರ ಹಿಡ್ಕೋರಿ," ಎಂದೆ.

"ಹಿಡ್ಕೊಂಡೇನಲ್ರಿ."

"ಇನ್ನೂ ಗಟ್ಟಿ ಹಿಡೀರಿ."

ಮಾಸೂರಿನ ಹೆಂಗಸರು ಆಗಲೇ ಬೀಗರನ್ನು ಛೇಡಿಸುವ ಹಾಡು ಎತ್ತಿಕೊಂಡಿದ್ದರು. ಅವರಿಗೆ ಇದಕ್ಕಿಂತ ಏನು ಬೇಕು. "ಮದುಮಕ್ಕಳು ಕಾಯಾಕತ್ತಾರ್ರಿ, ಇವರದ ಮುಗೀವಲ್ದು," ಎಂದು ಯಾರೋ ಕೂಗಿದರು. ಕ್ಲಾರಿನೆಟ್ ಊದುತ್ತಿದ್ದವನು ನಗು ತಡೆಯಲಾರದೆ ಊದುವುದನ್ನು ಬಿಟ್ಟ. ಡೋಲಿನವನೊಬ್ಬನೇ ಬಾರಿಸುತ್ತಿದ್ದ. ಬಸವಣ್ಣೆಪ್ಪನವರು ಇದನ್ನು ಮಗಳ ತಂದೆಯ ಅಂತಃಕರಣ ಎಂದೇ ತಿಳಿದರು. ನನ್ನ ಬೆನ್ನು ಸವರತೊಡಗಿದರು, ಅವರ ಕಣ್ಣಲ್ಲೂ ನೀರು. ಸವರಿದ್ದು ಮೆತ್ತಗೆ. ಅದೊಂದೇ ನನಗೆ ಆಗದ್ದು. ನಾನು ಜಿಗಿದೆ.

ಇನ್ನು ಮುಚ್ಚಿಡಲು ಆಗಲಿಲ್ಲ. ಅವರ ಕಿವಿಯಲ್ಲಿ ಹೇಳಿದೆ: "ಸವರಬ್ಯಾಡ್ರಿ ಬೀಗರ, ಒತ್ತಿ ಹಿಡೀರಿ. ನನಗ ಸರ್ಪಸುತ್ತು ಆಗೇತ್ರಿ. ಹುಣ್ಣು ಮಾಯ್ದಾವು, ಉರಿ ಹೋಗಿಲ್ಲ."

ಅವರು ನನ್ನ ಮುಖ ನೋಡಿದರು. ಸವರುವುದನ್ನು ಬಿಟ್ಟರು. ಆದರೆ ಅವರ ಹಿಂದೆಯೇ ಆರತಿ ತಾಟು ಹಿಡಿದು ನಿಂತಿದ್ದ ಮುದುಕಿ ನೀಲವ್ವನ ಕಿವಿ ಬಹಳ ಚುರುಕು. ಆಕೆ ಹತ್ತಿರ ಬಂದು, "ಯಾವ ಕಡಿಗೆ ಆಗೇತ್ರಿ?" ಎಂದು ಕೇಳಿದಳು. ಗಿರಿಜಾ ನನ್ನ ತೋಳು ಹಿಡಿದುಕೊಂಡಳು. ಮೂರು ತಿಂಗಳಿಂದ ಹೆದರಿದ್ದ ಪ್ರಶ್ನೆ ಅದು.

"ಎಡಕ್ಕರಿ," ಎಂದೆ.

"ನನಗ ಬಲಕ್ಕ ಆಗಿತ್ತು. ಇಲ್ಲಿ," ಎಂದು ಆಕೆ ಸೊಂಟದ ಮೇಲೆ ಕೈಯಿಟ್ಟಳು. "ಸೀರಿ ನಿಲ್ಲಗೊಡಲಿಲ್ಲ ನೋಡ್ರಿ. ಒಂದು ಮಳಿಗಾಲ ಪೂರಾ. ಕಡೀಕ ಹಳೇ ಧೋತರಾ ಬಿಗಿದು ಕಟಗೊಂಡ ಗದ್ದಿಗೆ ಹೋದ್ನಿ. ಬಿಗಿದು ಕಟ್ಟಿದ್ರ ಸುಮ್ನ ಇರತೈತಿ ಅದು. ಸಡ್ಲ ಬಿಟ್ರನ ಕಾಡತೈತಿ. ನೀವು ಕಟಗೊಂಡಿಲ್ಲೇನು?"

"ಇಲ್ಲರಿ. ಸಡ್ಲ ಅಂಗಿ ಹೊಲಕೊಂಡೇನಿ."

"ಅಯ್ಯ, ಟೇಲರ್ ಅಂತೀರಿ."

ಮದುವೆಯ ಮಾತು ಆಕೆಯ ಬಾಯಲ್ಲಿ ಬರಲೇ ಇಲ್ಲ. ಗಿರಿಜಾ ತಡೆಯಲಾರದೆ ತಾನೇ ಕೇಳಿಬಿಟ್ಟಳು, "ದೋಷ ಗೀಷ ಅಂತ ಏನರ..." ನೀಲವ್ವ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ನನಗ ಆಗಿದ್ದ ವರ್ಷನ ಇವಂದು ಮದುವಿ ಮಾಡೇನಿ," ಎಂದು ಬಸವಣ್ಣೆಪ್ಪನವರ ಕಡೆಗೆ ಗದ್ದ ತೋರಿಸಿದಳು. "ಏನ್ ಕೆಟ್ಟಾನ? ಹೊಟ್ಟಿ ನೋಡ್ರಿ." ಆಮೇಲೆ ಆತನಿಗೆ ಹೇಳಿದಳು, "ನಿಂತ ನೋಡ್ತೀಯೇನು, ಒಳಗ ಕರಕೊಂಡ್ ಹೋಗಿ ಬೀಗರಿಗೆ ಕಟ್ಟು."

"ಏನ್ ಕಟ್ಲಿ ಅತ್ತಿ?"

"ತಲ್ಯಾಗಿಂದು ಬಿಚ್ಚು."

ಮಂಟಪದ ಬಾಗಿಲಿಗೆ ತಾಗಿ ಪಾತ್ರೆ ಇಡುವ ಒಂದು ಕೋಣೆ ಇದೆ. ಅಲ್ಲಿ ನಾನು ಎರಡೂ ಅಂಗಿ ಕಳಚಿ ತೋಳೆತ್ತಿ ನಿಂತೆ. ಬಸವಣ್ಣೆಪ್ಪನವರು ತಲೆಯ ಪಟಗಾ ಬಿಚ್ಚಿ, ಕಡಾಯಿಗಳ ನಡುವೆ ನನ್ನ ಸುತ್ತ ತಿರುಗುತ್ತಾ ಎದೆಗೆ ಸುತ್ತಿದರು. ಮಗನ ಮದುವೆಯ ದಿನ ತಂದೆಯಾದವನು ತಲೆಯ ಪಟಗಾ ತೆಗೆಯುವುದು ನಮ್ಮ ಕಡೆ ಸಣ್ಣ ಮಾತಲ್ಲ. ನಾನು ಬೇಡವೆಂದೆ. "ಅತ್ತಿ ಹೇಳ್ಯಾಳ್ರಿ. ಆಕಿಗೆ ನಾನೂ ಅಂಜತೇನಿ," ಎಂದು ಒಂದು ತುದಿಯನ್ನು ಎಳೆದು ಸಿಕ್ಕಿಸಿದರು. ನೀಲವ್ವ ಬಾಗಿಲ ಹೊರಗಿನಿಂದ, ಒಳಗೆ ನೋಡದೆ, "ಬಿಗಿ, ಇನ್ನೂ ಬಿಗಿ," ಎನ್ನುತ್ತಿದ್ದಳು. ನಮ್ಮೊಂದಿಗೆ ಗಾಡಿಯಲ್ಲಿ ಬಂದಿದ್ದ ಖಾದರಸಾಬರು ನನ್ನ ಅಂಗಿ ಹಿಡಿದು ನಿಂತಿದ್ದರು. "ನಾ ಅವತ್ತ ಹಿಂಗ ಗಟ್ಟಿ ಹಿಡದಿದ್ರ ನನ್ನ ಖಾರಾ ಉಳೀತಿತ್ತು," ಎಂದರು.

ಆ ದಿನ ನಾನು ಪಾಪ್ಲಿನ್ ಅಂಗಿ ಹಾಕಿಕೊಂಡು ಅಕ್ಷತೆ ಹಾಕಿದೆ. ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡೆ. ತುಪ್ಪ ಬಡಿಸುವವರ ಮೊಳಕೈ ಪಕ್ಕೆಗೆ ತಾಗಿ ಹೋಯಿತು, ಅದು ಮೊಳಕೈಯಷ್ಟೇ ಆಗಿತ್ತು. ಬರಿದಲೆಯಲ್ಲಿ ಓಡಾಡುತ್ತಿದ್ದ ಬಸವಣ್ಣೆಪ್ಪನವರನ್ನು ಬಂದವರೆಲ್ಲ ಪಟಗಾ ಎಲ್ಲಿ ಎಂದು ಕೇಳುತ್ತಿದ್ದರು. "ಬೀಗರಿಗೆ ಸುತ್ತೇನ್ರಿ," ಎಂದು ಅವರು ಹೇಳುತ್ತಿದ್ದರು. ಕೇಳಿದವರು ತಮಾಷೆ ಎಂದುಕೊಂಡು ಮುಂದೆ ಹೋಗುತ್ತಿದ್ದರು.

ಅಂದು ನಾನು ವಾಸಿಯಾದೆ ಎಂದು ಹೇಳಿದರೆ ತಪ್ಪಾಗುತ್ತದೆ. ಕಟ್ಟು ಬಿಚ್ಚಿದರೆ ಉರಿ ಅಲ್ಲೇ ಇರುತ್ತಿತ್ತು. ಮರುವಾರ ಡಾಕ್ಟರಮ್ಮನಿಗೆ ನಡೆದದ್ದನ್ನು ಹೇಳಿದೆ. ಅವರು ಬಹಳ ನಕ್ಕರು. ಕೆಲವರಿಗೆ ಹೀಗಾಗುತ್ತದೆ, ಹಗುರ ಸ್ಪರ್ಶ ಸಹಿಸುವುದಿಲ್ಲ, ಒತ್ತಿ ಹಿಡಿದದ್ದು ಹಿತವಾಗುತ್ತದೆ, ಎಲ್ಲರಿಗೂ ಹೀಗೆಯೇ ಆಗುವುದಿಲ್ಲ ಎಂದರು. ಉಸಿರು ಹಿಡಿಯುವಷ್ಟು ಬಿಗಿಯಬೇಡಿ, ಗುಳಿಗೆ ಬಿಡಬೇಡಿ ಎಂದರು. ಹಗಲು ಬಿಗಿದು ಕಟ್ಟಿಕೊಂಡು ಮಷಿನ್ ತುಳಿದೆ. ಶ್ರಾವಣದಲ್ಲಿ ಫ್ಯಾನು ಹಾಕಿಕೊಳ್ಳುವಂತಾಯಿತು. ದೀಪಾವಳಿಗೆ ಕಟ್ಟಿಲ್ಲದೆ ಅಂಗಿ ಹಾಕಿದೆ. ಈಗ ಹವೆ ಬದಲಾದಾಗ ಅಲ್ಲೊಂದು ತುರಿಕೆ ಬರುತ್ತದೆ, ಅಷ್ಟೇ. ಇದೇ ಬೇನೆಯಲ್ಲಿ ನರಳುವವರು ನನ್ನ ಅಂಗಡಿಗೆ ಬಂದರೆ, ನನಗೆ ಹೀಗಾಗಿತ್ತು, ತಡವಾಗುತ್ತದೆ, ಹೋಗುತ್ತದೆ ಎಂದು ಹೇಳಿ ಡಾಕ್ಟರ ಹತ್ತಿರ ಕಳಿಸುತ್ತೇನೆ. ನಾನು ಹೆದರಿಕೊಂಡು ಕಳೆದ ಆ ಮೂರು ತಿಂಗಳಲ್ಲಿ ಉರಿಗಿಂತ ಹೆಚ್ಚು ಸುಟ್ಟದ್ದು ಹೇಳದೆ ಇಟ್ಟುಕೊಂಡ ಮಾತು ಎಂದು ಈಗ ಅನ್ನಿಸುತ್ತದೆ.

ಮಗಳು ಮಾಸೂರಿನಲ್ಲಿ ಸುಖವಾಗಿದ್ದಾಳೆ. ನಾನು ಹೆದರಿದ್ದಂತೆಯೇ ಬಾಗಿಲಲ್ಲಿ ನಡೆದದ್ದು ಅವಳ ಹಿಂದೆಯೇ ಆ ಮನೆಗೆ ಹೋಯಿತು. ನೀಲವ್ವ ಹೊಸಬರು ಯಾರು ಬಂದರೂ "ಈಕಿ ಯಾರ ಮಗಳ ಗೊತ್ತೇನು, ಬೀಗರನ್ನ ಬಿಡಲಾರದ ನಿಂತಿದ್ರಲ್ಲ, ಅವರ ಮಗಳು," ಎಂದು ಶುರು ಮಾಡುತ್ತಾಳಂತೆ. ಊಟಕ್ಕೆ ಕೂರುವ ತನಕ ಮುಗಿಸುವುದಿಲ್ಲವಂತೆ.

ಇದನ್ನು ಹತ್ತಿರದಿಂದ ಕಂಡವರೆಲ್ಲ ಇನ್ನೂ ಇದ್ದಾರೆ. ಮಾಸೂರಿನ ಬಸವಣ್ಣೆಪ್ಪನವರು, ಅವರ ಅತ್ತೆ ನೀಲವ್ವ, ಸವಣೂರಿನ ಖಾದರಸಾಬರು, ನನ್ನ ಹೆಂಡತಿ ಗಿರಿಜಾ, ಮತ್ತು ನಾನು ಹೆಸರು ಕೇಳದೆ ಬಿಟ್ಟ ಆ ಕ್ಲಾರಿನೆಟ್ಟಿನವನು. ನನ್ನ ಹಿಂದೆ ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದವಳು ರೇಖಾ. ಆದರೆ ಅಪ್ಪ ಈಗ ಚೀರುತ್ತಾನೆಂದು ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳಂತೆ, ಜನ ನಕ್ಕ ಸದ್ದಿಗೆ ತೆರೆದಳಂತೆ. ಆದ್ದರಿಂದ ಅವಳನ್ನು ನಾನು ನೋಡಿದವರ ಲೆಕ್ಕಕ್ಕೆ ಹಿಡಿಯುವುದಿಲ್ಲ.